ದಿ ಬರ್ತ್‌ಡೇ ಪಾರ್ಟಿ: ನಾಟಕ, ಸಿನಿಮಾ ಮತ್ತು ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ನಾಟಕಕಾರ ಹೆರಾಲ್ಡ್ ಪಿಂಟರ್‌ನ ಈ ನಾಟಕದ ಮಾತು ಬಂದರೆ ಸಾಕು, ಅವೇ ಪ್ರಶ್ನೆಗಳು ಸುತ್ತಿ ಸುತ್ತಿ ಬರುತ್ತವೆ. ಸಿನಿಮಾ ನೋಡಿದವರು ಒಂದು ಥರ ಕೇಳುತ್ತಾರೆ, ನಾಟಕ ಓದಿದವರು ಇನ್ನೊಂದು ಥರ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಕಥೆಯ ಕೊನೆಯನ್ನು ಮುಚ್ಚಿಟ್ಟಿಲ್ಲ. ಗೊತ್ತಾಗಬಾರದು ಅನ್ನುವವರು ನೋಡಿಕೊಂಡು ಬನ್ನಿ.

## ಶುರುವಿನ ಪ್ರಶ್ನೆಗಳು

ನಾನು ಎರಡೂ ನೋಡಿಲ್ಲ. ಕಥೆ ಏನು ಅಂತ ಚಿಕ್ಕದಾಗಿ ಹೇಳ್ತೀರಾ?

ಇಂಗ್ಲೆಂಡಿನಲ್ಲಿ ಸಮುದ್ರದ ಪಕ್ಕದ ಒಂದು ಊರು. ಅಲ್ಲಿ ಊಟ ತಿಂಡಿ ಸಮೇತ ರೂಮು ಬಾಡಿಗೆಗೆ ಕೊಡುವ ಹಳೇ ಮನೆ. ನಡೆಸುವವರು ಮೆಗ್ ಮತ್ತು ಪೀಟಿ, ವಯಸ್ಸಾದ ಗಂಡ ಹೆಂಡತಿ. ಪೀಟಿಗೆ ಬೀಚಿನಲ್ಲಿ ಮಡಚುವ ಕುರ್ಚಿ ಬಾಡಿಗೆಗೆ ಕೊಡುವ ಕೆಲಸ. ಮನೆಯಲ್ಲಿರುವ ಬಾಡಿಗೆದಾರ ಒಬ್ಬನೇ, ಸ್ಟ್ಯಾನ್ಲಿ. ನಲವತ್ತು ಹತ್ತಿರ ಬಂದಿದೆ, ಗಡ್ಡ ಬೋಳಿಸಿಲ್ಲ, ಮಲಗಿದ ಅಂಗಿಯಲ್ಲೇ ತಿಂಡಿಗೆ ಬಂದು ಕೂರುತ್ತಾನೆ. ಒಂದು ಕಾಲದಲ್ಲಿ ಪಿಯಾನೋ ನುಡಿಸುತ್ತಿದ್ದೆ ಅನ್ನುತ್ತಾನೆ. ಗೋಲ್ಡ್‌ಬರ್ಗ್, ಮೆಕ್ಯಾನ್ ಎಂಬ ಇಬ್ಬರು ಅಲ್ಲಿಗೆ ಬರುತ್ತಾರೆ. ಇವತ್ತು ಸ್ಟ್ಯಾನ್ಲಿಯ ಹುಟ್ಟುಹಬ್ಬ ಅಂತ ಮೆಗ್ ಹೇಳುತ್ತಾಳೆ, ಅಲ್ಲವೇ ಅಲ್ಲ ಅಂತ ಅವನು ಹೇಳುತ್ತಾನೆ, ಆದರೂ ಪಾರ್ಟಿ ನಡೆದೇ ನಡೆಯುತ್ತದೆ. ಮಾರನೇ ಬೆಳಿಗ್ಗೆ ಅವನ ಬಾಯಿಂದ ಮಾತೇ ಹೊರಡುವುದಿಲ್ಲ. ಆ ಇಬ್ಬರು ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗುತ್ತಾರೆ. ಯಾಕೆ ಅಂತ ಕೊನೆವರೆಗೂ ಯಾರೂ ಹೇಳುವುದಿಲ್ಲ.

ಯಾವುದು ಯಾವ ವರ್ಷದ್ದು? ಎರಡಕ್ಕೂ ಎಷ್ಟು ಅಂತರ?

ಹತ್ತು ವರ್ಷ. ನಾಟಕ ಮೊದಲು ಕಂಡದ್ದು 1958ರ ಏಪ್ರಿಲ್ 28ರಂದು, ಕೇಂಬ್ರಿಡ್ಜ್‌ನಲ್ಲಿ. ಅಲ್ಲಿ ಜನ ಮೆಚ್ಚಿದರು. ಮೇ ತಿಂಗಳಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್‌ಗೆ ಬಂದಾಗ ವಿಮರ್ಶಕರು ಹರಿದು ಹಾಕಿದರು. ಎಂಟು ಪ್ರದರ್ಶನಕ್ಕೆ ನಾಟಕ ನಿಂತುಹೋಯಿತು. ಗುರುವಾರ ಮಧ್ಯಾಹ್ನದ ಆಟಕ್ಕೆ ಇದ್ದದ್ದು ಆರೇ ಜನ. ಸಂಡೇ ಟೈಮ್ಸ್‌ನಲ್ಲಿ ವಿಮರ್ಶಕ ಹೆರಾಲ್ಡ್ ಹಾಬ್ಸನ್ ಮನಸ್ಸು ತುಂಬಿ ಹೊಗಳಿ ಬರೆದ, ಆದರೆ ಅದು ಅಚ್ಚಾಗುವ ಹೊತ್ತಿಗೆ ನಾಟಕ ಮುಗಿದುಹೋಗಿತ್ತು. ಆ ಒಂದು ಲೇಖನ ಇಲ್ಲದಿದ್ದರೆ ಪಿಂಟರ್ ಹೆಸರು ಮೇಲೇಳಲು ಇನ್ನೂ ಎಷ್ಟು ದಿನ ಹಿಡಿಯುತ್ತಿತ್ತೋ. ಸಿನಿಮಾ 1968ರದ್ದು. ನಿರ್ದೇಶಕ ವಿಲಿಯಂ ಫ್ರೀಡ್ಕಿನ್, ಚಿತ್ರಕಥೆ ಪಿಂಟರ್‌ನದೇ.

ಮೊದಲು ಓದಲಾ, ನೋಡಲಾ?

ಮೊದಲ ಅಂಕ ಮಾತ್ರ ಓದಿ, ಆಮೇಲೆ ಸಿನಿಮಾ ನೋಡಿ. ಮನಸ್ಸಿನಲ್ಲಿ ಬೇಡ, ಜೋರಾಗಿ ಓದಿ, ಇನ್ನೊಬ್ಬರು ಜೊತೆಗಿದ್ದರೆ ಪಾತ್ರ ಹಂಚಿಕೊಂಡು ಓದಿ. ನಗು ಬರುತ್ತದೆ. ಆ ನಗು ಒಮ್ಮೆ ಬಂದಿದ್ದರೆ ಸಿನಿಮಾದಲ್ಲಿ ಏನು ಕಡಿಮೆಯಾಗಿದೆ ಅಂತ ನಿಮಗೇ ತಿಳಿಯುತ್ತದೆ. ಸಿನಿಮಾ ಮೊದಲು ನೋಡಿದರೆ ಆಮೇಲೆ ಓದುವಾಗ ಸ್ಟ್ಯಾನ್ಲಿ ಅಂದರೆ ರಾಬರ್ಟ್ ಶಾ ಮುಖವೇ ಕಣ್ಣಿಗೆ ಕಟ್ಟುತ್ತದೆ, ಬಿಡಿಸಿಕೊಳ್ಳುವುದು ಕಷ್ಟ.

ಹಾರರ್ ಅಂದ್ಕೊಂಡು ಕೂತೆ, ಎರಡು ಗಂಟೆ ಏನೂ ಆಗ್ಲೇ ಇಲ್ಲ. ಮೋಸ ಅಲ್ವಾ?

ನಿಮ್ಮ ತಪ್ಪಲ್ಲ ಬಿಡಿ. ನಿರ್ಮಾಪಕರಾದ ಮ್ಯಾಕ್ಸ್ ರೋಸೆನ್‌ಬರ್ಗ್ ಮತ್ತು ಮಿಲ್ಟನ್ ಸುಬೋಟ್‌ಸ್ಕಿ ದೆವ್ವ ಭೂತದ ಸಿನಿಮಾಗಳಿಗೇ ಹೆಸರಾದವರು. ನಿರ್ದೇಶಕ ಐದು ವರ್ಷದ ನಂತರ ದಿ ಎಕ್ಸಾರ್ಸಿಸ್ಟ್ ಎಂಬ ದೆವ್ವದ ಸಿನಿಮಾ ಮಾಡಿದವನು. ಇಷ್ಟು ಓದಿ ಕೂತರೆ ರಕ್ತ ಬರುತ್ತೆ ಅಂತಲೇ ಕಾಯುತ್ತೀರಿ.

ಇಲ್ಲಿ ಹೆದರಿಕೆ ಬೇರೆ ಥರ. ಯಾರೋ ತುಂಬಾ ಮರ್ಯಾದೆಯಿಂದ ಮಾತಾಡುತ್ತಿದ್ದಾರೆ, ಕೂತ್ಕೋ ಅನ್ನುತ್ತಾರೆ. ನೀವು ಕೂರುವುದಿಲ್ಲ. ಮತ್ತೆ ಕೂತ್ಕೋ ಅನ್ನುತ್ತಾರೆ. ಯಾರು ಮೊದಲು ಕೂರಬೇಕು ಅನ್ನುವುದರ ಮೇಲೇ ಒಂದು ದೊಡ್ಡ ಜಗಳ ನಡೆಯುತ್ತದೆ, ಒಬ್ಬರೂ ಕೈ ಎತ್ತುವುದಿಲ್ಲ. ಆ ಕುರ್ಚಿಯ ಜಗಳದಲ್ಲಿ ಸೋತವನು ಆಮೇಲೆ ಎಲ್ಲದರಲ್ಲೂ ಸೋಲುತ್ತಾನೆ. ಹೊಡೆತ, ಬಡಿತ ಕಾಯುವವರಿಗೆ ಇದು ಕಾಣುವುದಿಲ್ಲ.

ಆ ಇಬ್ಬರು ಯಾರು? ಪೊಲೀಸಾ, ಗೂಂಡಾಗಳಾ, ಆಸ್ಪತ್ರೆಯವರಾ?

ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದು. ನಾಟಕದಲ್ಲಿ ಉತ್ತರ ಇಲ್ಲ. ಸಿನಿಮಾದಲ್ಲೂ ಇಲ್ಲ, ಅದಕ್ಕೆ ಫ್ರೀಡ್ಕಿನ್‌ಗೆ ಒಂದು ನಮಸ್ಕಾರ. ಸಿನಿಮಾ ಅಂದಮೇಲೆ ಒಂದು ಹಳೇ ನೆನಪಿನ ದೃಶ್ಯ ತುರುಕಿ, ಸ್ಟ್ಯಾನ್ಲಿ ಹಿಂದೆ ಏನೋ ತಪ್ಪು ಮಾಡಿದ್ದ ಅಂತ ತೋರಿಸುವ ಆಸೆ ಯಾರಿಗಾದರೂ ಬರುತ್ತದೆ.

ಗೊತ್ತಿರುವುದು ಇಷ್ಟು. ಗೋಲ್ಡ್‌ಬರ್ಗ್ ಯಹೂದಿ, ಮೆಕ್ಯಾನ್ ಐರಿಶ್ ಕ್ಯಾಥೊಲಿಕ್. ಇಬ್ಬರನ್ನೂ ಯಾರೋ ಕೆಲಸಕ್ಕೆ ಕಳಿಸಿದ್ದಾರೆ. ಸ್ಟ್ಯಾನ್ಲಿಯನ್ನು ಮಾಂಟಿ ಎಂಬುವನ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಗೋಲ್ಡ್‌ಬರ್ಗ್‌ಗೆ ನ್ಯಾಟ್, ಸೈಮಿ, ಬೆನ್ನಿ ಅಂತ ಮೂರು ಹೆಸರು, ಯಾವಾಗ ಯಾವುದು ಅಂತ ಹೇಳಲಾಗದು. ಪಿಂಟರ್ ಲಂಡನ್ನಿನ ಹ್ಯಾಕ್ನಿಯಲ್ಲಿ 1930ರಲ್ಲಿ ಹುಟ್ಟಿದ ಯಹೂದಿ ದರ್ಜಿಯ ಮಗ. ಯುದ್ಧದ ಕಾಲದಲ್ಲಿ, ಅಪರಿಚಿತರು ಬಾಗಿಲು ಬಡಿದರೆ ಏನಾಗಬಹುದು ಅಂತ ಯುರೋಪಿನಿಂದ ಸುದ್ದಿ ಬರುತ್ತಿದ್ದಾಗ ಬೆಳೆದವನು. ಹಾಗಿದ್ದೂ ಬಾಗಿಲು ಬಡಿಯುವವರಲ್ಲಿ ಒಬ್ಬನನ್ನು ಯಹೂದಿ ಮಾಡಿದ. ಅದರಿಂದ ನಾಟಕ ಸುಲಭದ ಅರ್ಥಕ್ಕೆ ಸಿಗದೇ ಜಾರುತ್ತದೆ.

ಒಬ್ಬ ಮಹಿಳೆ ಪಿಂಟರ್‌ಗೆ ಇದೇ ಪ್ರಶ್ನೆಗಳನ್ನು ಬರೆದು ಕಳಿಸಿದ್ದರಂತೆ: ಆ ಇಬ್ಬರು ಯಾರು, ಸ್ಟ್ಯಾನ್ಲಿ ಎಲ್ಲಿಂದ ಬಂದ, ಇವರೆಲ್ಲ ಸರಿಯಾಗಿರುವ ಮನುಷ್ಯರೇನಾ ಅಂತ. ಪಿಂಟರ್ ಅದೇ ಮೂರು ಪ್ರಶ್ನೆಗಳನ್ನು ಆಕೆಗೇ ತಿರುಗಿಸಿ ಕೇಳಿದ ಅಂತ ಒಂದು ಕಥೆ ಓಡಾಡುತ್ತಿದೆ. ನಿಜವೋ ಸುಳ್ಳೋ, ಅವನ ಸ್ವಭಾವಕ್ಕೆ ಚೆನ್ನಾಗಿ ಹೊಂದುತ್ತದೆ.

## ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗ

ಡೈಲಾಗು ಹೆಚ್ಚುಕಮ್ಮಿ ಅದೇ ಇದೆ. ಹಾಗಿದ್ರೆ ವ್ಯತ್ಯಾಸ ಎಲ್ಲಿ?

ನಗುವಿನಲ್ಲಿ.

ನಾಟಕದ ಮೊದಲ ಹತ್ತು ನಿಮಿಷ ನೋಡಿ. ಕಾರ್ನ್‌ಫ್ಲೇಕ್ಸ್ ಚೆನ್ನಾಗಿದೆಯಾ ಅಂತ ಮೆಗ್ ಕೇಳುತ್ತಾಳೆ, ಚೆನ್ನಾಗಿದೆ ಅಂತ ಪೀಟಿ ಹೇಳುತ್ತಾನೆ, ಪೇಪರಿನಲ್ಲಿ ಏನಿದೆ ಅಂತ ಕೇಳುತ್ತಾಳೆ, ಯಾರಿಗೋ ಮಗು ಆಗಿದೆ ಅನ್ನುತ್ತಾನೆ, ಹೆಣ್ಣು ಅಂತ ತಿಳಿದು ಅಯ್ಯೋ ಪಾಪ ಅನ್ನುತ್ತಾಳೆ. ಯಾವ ಮನೆಯಲ್ಲಾದರೂ ನಡೆಯುವ ಮಾತು. ಥಿಯೇಟರಿನಲ್ಲಿ ಜನ ನಗುತ್ತಾರೆ. ಪಕ್ಕದವರು ನಕ್ಕಿದ್ದಕ್ಕೆ ನಾವೂ ನಗುತ್ತೇವೆ. ಹಾಗೆ ನಗುತ್ತಾ ನಗುತ್ತಾ ಆ ಮನೆಯವರ ಜೊತೆ ಸೇರಿಕೊಂಡಿರುತ್ತೇವೆ. ಆಮೇಲೆ ಗೋಲ್ಡ್‌ಬರ್ಗ್ ಬಂದು ತಮಾಷೆ ಮಾಡಿದಾಗಲೂ ಅಭ್ಯಾಸಬಲದಿಂದ ನಕ್ಕುಬಿಡುತ್ತೇವೆ. ಸ್ವಲ್ಪ ಹೊತ್ತಾದ ಮೇಲೆ ಸ್ಟ್ಯಾನ್ಲಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿದಂತೆ ಪ್ರಶ್ನೆ ಕೇಳುತ್ತಿರುವಾಗಲೂ ಸಭೆಯಲ್ಲಿ ಎಲ್ಲೋ ಒಬ್ಬರು ನಗುತ್ತಾರೆ, ತಕ್ಷಣ ನಿಲ್ಲಿಸುತ್ತಾರೆ. ಆ ನಿಂತ ನಗು ಈ ನಾಟಕದ ನಿಜವಾದ ಹೆದರಿಕೆ. ನಾವು ಯಾರ ಪರ ಇದ್ದೆವು ಅಂತ ಆಗ ತಿಳಿಯುತ್ತದೆ.

ಸಿನಿಮಾದಲ್ಲಿ ಇದು ಆಗುವುದಿಲ್ಲ. ಮೆಗ್ ಮುಖ ಇಷ್ಟು ಹತ್ತಿರದಿಂದ ಕಂಡರೆ ನಗು ಬರುವುದಿಲ್ಲ, ಕನಿಕರ ಬರುತ್ತದೆ. ಮನೆಯ ಕೊಳಕು, ಮಂಕು ಬೆಳಕು, ಹಳೇ ಗೋಡೆ ಎಲ್ಲ ಶುರುವಿನಿಂದಲೇ ಏನೋ ಕೆಟ್ಟದ್ದಾಗುತ್ತೆ ಅಂತ ಹೇಳಿಬಿಡುತ್ತವೆ. ಸಿನಿಮಾ ಮೊದಲಿಂದ ಕೊನೆವರೆಗೂ ಭಯದಲ್ಲೇ ಇರುತ್ತದೆ. ನಾಟಕದಲ್ಲಿ ಭಯ ನಮ್ಮನ್ನು ಕೇಳದೆ ಒಳಗೆ ಬರುತ್ತದೆ.

ಹಾಗಂತ ಸಿನಿಮಾ ಕೆಟ್ಟದ್ದು ಅಂತಲ್ಲ. ಅದು ಸ್ಟ್ಯಾನ್ಲಿಯ ಒಳಗಿನಿಂದ ನೋಡುತ್ತದೆ. ಅವನಿಗೆ ಮೊದಲಿಂದಲೂ ಭಯವಿತ್ತಲ್ಲ, ಆ ಲೆಕ್ಕದಲ್ಲಿ ಅದೂ ಸರಿಯೇ.

ಸಿನಿಮಾ ಶುರುವಲ್ಲಿ ಕಾರು, ಖಾಲಿ ಕುರ್ಚಿ ಎಲ್ಲ ತೋರಿಸ್ತಾರಲ್ಲ, ಯಾಕೆ?

ನಾಟಕದಲ್ಲಿ ಆ ಒಂದು ಕೋಣೆ ಬಿಟ್ಟು ನಾವು ಎಲ್ಲೂ ಹೋಗುವುದಿಲ್ಲ. ಸಿನಿಮಾ ಬೀಚಿನ ಖಾಲಿ ಕುರ್ಚಿಗಳಿಂದ, ರಸ್ತೆಯ ಮೇಲೆ ಬರುತ್ತಿರುವ ಕಾರಿನಿಂದ ಶುರುವಾಗುತ್ತದೆ. ಹೊರಾಂಗಣ ಚಿತ್ರೀಕರಣ ನಡೆದದ್ದು ವರ್ದಿಂಗ್ ಎಂಬ ಸಮುದ್ರ ತೀರದ ಊರಿನಲ್ಲಿ. ನೋಡಲು ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಬರುವವರು ಎಲ್ಲೋ ಇದ್ದಾರೆ, ಬರುತ್ತಿದ್ದಾರೆ ಅಂತ ಮೊದಲೇ ಹೇಳಿದಂತಾಯಿತು. ನಾಟಕದಲ್ಲಿ ಇಬ್ಬರು ಬರಬಹುದು ಅಂತ ಪೀಟಿ ಮಾತಿನ ಮಧ್ಯೆ ಹೇಳಿ ಸುಮ್ಮನಾಗುತ್ತಾನೆ, ಅದನ್ನು ಮೆಗ್ ಹೇಳಿದಾಗ ಸ್ಟ್ಯಾನ್ಲಿ ಬಿಳುಚಿಕೊಳ್ಳುವುದು ನೋಡಿಯೇ ನಮಗೆ ಅನುಮಾನ ಬರಬೇಕು. ನನಗೆ ಅದೇ ಇಷ್ಟ.

ಮೆಕ್ಯಾನ್ ಪೇಪರ್ ಹರಿಯೋ ಸೀನು ತಲೆ ಕೆಡಿಸ್ತು. ರಂಗದ ಮೇಲೂ ಹೀಗೇನಾ?

ಇಲ್ಲ, ಇದರಲ್ಲಿ ಸಿನಿಮಾನೇ ಗೆದ್ದದ್ದು. ಎರಡನೇ ಅಂಕ ಶುರುವಾಗುವಾಗ ಮೆಕ್ಯಾನ್ ಮೇಜಿನ ಮುಂದೆ ಕೂತು ಪತ್ರಿಕೆಯನ್ನು ಒಂದೇ ಅಳತೆಯ ಪಟ್ಟಿಗಳಾಗಿ ಹರಿಯುತ್ತಿರುತ್ತಾನೆ. ರಂಗದ ಮೇಲೆ ಇದು ಒಂದು ವಿಚಿತ್ರ ಚಟದಂತೆ ಕಾಣುತ್ತದೆ. ಸಿನಿಮಾದಲ್ಲಿ ಆ ಸದ್ದು ಕಿವಿಯ ಪಕ್ಕಕ್ಕೇ ಬರುತ್ತದೆ. ಮೆಕ್ಯಾನ್ ಪಾತ್ರ ಮಾಡಿದ ಪ್ಯಾಟ್ರಿಕ್ ಮೆಗೀ ನಿಧಾನವಾಗಿ, ಒಂದು ಪಟ್ಟಿಯೂ ಅಂಕುಡೊಂಕಾಗದಂತೆ ಹರಿಯುತ್ತಾನೆ, ನೋಡುವವರಿಗೆ ಹಲ್ಲು ಜುಂ ಅನ್ನುತ್ತದೆ.

ಆದರೆ ಆ ಪಟ್ಟಿಗಳ ಕೊನೆಯ ಆಟ ನಾಟಕದ್ದೇ. ಎಲ್ಲ ಮುಗಿದ ಮೇಲೆ, ಸ್ಟ್ಯಾನ್ಲಿಯನ್ನು ಕರೆದುಕೊಂಡು ಹೋದ ಮೇಲೆ, ಪೀಟಿ ಓದಲು ಪೇಪರ್ ತೆಗೆಯುತ್ತಾನೆ, ಒಳಗಿದ್ದ ಪಟ್ಟಿಗಳು ನೆಲಕ್ಕೆ ಬೀಳುತ್ತವೆ. ಪಿಂಟರ್ ಇದನ್ನು ರಂಗಸೂಚನೆಯಲ್ಲೇ ಬರೆದಿದ್ದಾನೆ.

ಅಷ್ಟು ಪ್ರಶ್ನೆ ಕೇಳ್ತಾರಲ್ಲ ಸ್ಟ್ಯಾನ್ಲಿಗೆ, ಅದಕ್ಕೆಲ್ಲ ಅರ್ಥ ಇದೆಯಾ? ಅಥವಾ ಸುಮ್ನೆ ಬಾಯಿಗೆ ಬಂದದ್ದಾ?

ಎರಡೂ. ಶುರುವಿನಲ್ಲಿ ಅರ್ಥವಿರುವ ಪ್ರಶ್ನೆಗಳು: ನಿನ್ನೆ ಏನು ಮಾಡಿದೆ, ಹೆಸರು ಯಾಕೆ ಬದಲಾಯಿಸಿದೆ, ಹೆಂಡತಿಯನ್ನು ಯಾಕೆ ಕೊಂದೆ. ಆಮೇಲೆ ಒಂದಕ್ಕೊಂದು ಹೊಂದುವುದಿಲ್ಲ. ಹೆಂಡತಿಯನ್ನು ಕೊಂದೆ ಅನ್ನುತ್ತಾರೆ, ಮದುವೆಯೇ ಆಗಲಿಲ್ಲ ಅಂತಲೂ ಬೈಯುತ್ತಾರೆ. 846 ಅನ್ನುವ ಸಂಖ್ಯೆ ಸಾಧ್ಯವೋ ಅನಿವಾರ್ಯವೋ ಅಂತ ಕೇಳುತ್ತಾರೆ. ಕೊನೆಗೆ ಕೋಳಿ ಮೊದಲಾ, ಮೊಟ್ಟೆ ಮೊದಲಾ. ಯಾವ ಉತ್ತರ ಕೊಟ್ಟರೂ ತಪ್ಪು.

ಕ್ರಿಕೆಟ್ ಗೊತ್ತಿರುವವರು ಒಂದು ಪ್ರಶ್ನೆ ಗಮನಿಸಿ: ಮೆಲ್ಬರ್ನ್‌ನಲ್ಲಿ ಪಿಚ್‌ಗೆ ನೀರು ಹಾಕಿದವರು ಯಾರು? ಇದು ಸುಮ್ನೆ ಹುಟ್ಟಿಸಿದ್ದಲ್ಲ. 1955ರ ಜನವರಿಯಲ್ಲಿ ಆಸ್ಟ್ರೇಲಿಯಾ, ಇಂಗ್ಲೆಂಡ್ ನಡುವಿನ ಮೆಲ್ಬರ್ನ್ ಟೆಸ್ಟ್‌ನಲ್ಲಿ, ಬಿಡುವಿನ ದಿನ ಪಿಚ್‌ಗೆ ಕದ್ದು ನೀರು ಹಾಕಿದ್ದಾರೆ ಅಂತ ದೊಡ್ಡ ಗಲಾಟೆ ಆಗಿತ್ತು. ಪಿಂಟರ್‌ಗೆ ಕ್ರಿಕೆಟ್ ಹುಚ್ಚು. ಆಗಿನ ಪ್ರೇಕ್ಷಕರಿಗೆ ಇದು ಮೂರು ವರ್ಷ ಹಳೇ ಸುದ್ದಿ, ಹಾಗಾಗಿ ನಗು ಗ್ಯಾರಂಟಿ. ಅದೇ ಸಾಲಿನಲ್ಲಿ ಆಲಿವರ್ ಪ್ಲಂಕೆಟ್ ಹೆಸರೂ ಬರುತ್ತದೆ. 1681ರಲ್ಲಿ ಲಂಡನ್ನಿನಲ್ಲಿ ಗಲ್ಲಿಗೇರಿಸಿದ ಐರಿಶ್ ಆರ್ಚ್‌ಬಿಷಪ್. ಪಿಚ್ ವಿವಾದದ ಪಕ್ಕದಲ್ಲೇ ಗಲ್ಲು. ಕೇಳುವವರಿಗೆ ಎರಡೂ ಒಂದೇ, ಎರಡಕ್ಕೂ ಸ್ಟ್ಯಾನ್ಲಿಯೇ ಹೊಣೆ.

ಸಿನಿಮಾದಲ್ಲಿ ಈ ಭಾಗ ಮುಖದಿಂದ ಮುಖಕ್ಕೆ ಬೇಗ ಬೇಗ ಹಾರುತ್ತದೆ. ಚುರುಕಾಗಿದೆ, ಆದರೆ ಒಂದು ನಷ್ಟ. ರಂಗದ ಮೇಲೆ ಪ್ರಶ್ನೆ ಕೇಳುವ ಇಬ್ಬರೂ, ನಡುವೆ ಕೂತ ಸ್ಟ್ಯಾನ್ಲಿಯೂ ಒಟ್ಟಿಗೆ ಕಣ್ಣ ಮುಂದೆ ಇರುತ್ತಾರೆ. ಅವನ ತಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗುವುದು, ಒಂದು ಹೊತ್ತಿನಲ್ಲಿ ತಿರುಗುವುದನ್ನೇ ಬಿಡುವುದು, ಅದನ್ನು ನಾವೇ ಕಂಡುಹಿಡಿಯಬೇಕು. ಸಿನಿಮಾ ಅದನ್ನು ನಮಗಾಗಿ ಹುಡುಕಿ ಕೊಡುತ್ತದೆ.

ಪಾರ್ಟಿಯಲ್ಲಿ ಕತ್ತಲಾಗುವ ದೃಶ್ಯ ಯಾವುದರಲ್ಲಿ ಚೆನ್ನಾಗಿದೆ?

ನಾಟಕದಲ್ಲಿ, ಎರಡು ಮಾತಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ ಆಡುವ ಆಟ. ಮೆಕ್ಯಾನ್ ಸ್ಟ್ಯಾನ್ಲಿಯ ಕನ್ನಡಕ ಮುರಿಯುತ್ತಾನೆ, ಮೆಗ್ ಉಡುಗೊರೆ ಕೊಟ್ಟ ಆಟದ ಡ್ರಮ್ಮನ್ನು ಅವನ ಕಾಲಿಗೆ ಅಡ್ಡ ಇಡುತ್ತಾನೆ, ಸ್ಟ್ಯಾನ್ಲಿ ಕಾಲು ಅದರೊಳಗೆ ಸಿಕ್ಕಿಕೊಂಡು ಎಳೆದುಕೊಂಡೇ ಹೋಗಿ ಮೆಗ್ ಕುತ್ತಿಗೆಗೆ ಕೈ ಹಾಕುತ್ತಾನೆ. ದೀಪ ಹೋಗುತ್ತದೆ. ಟಾರ್ಚ್ ಬಿದ್ದುಹೋಗುತ್ತದೆ. ಎಲ್ಲ ನಿಶ್ಶಬ್ದ. ಹಿಂದಿನಿಂದ ಡ್ರಮ್ಮಿನ ಪಕ್ಕಕ್ಕೆ ಕೋಲು ಬಡಿಯುವ ಸದ್ದು ಒಂದೇ ಸಮನೆ ಬರುತ್ತದೆ. ಪಾರ್ಟಿಗೆ ಬಂದ ನೆರೆಮನೆಯ ಹುಡುಗಿ ಲುಲು ನರಳುತ್ತಾಳೆ. ಪ್ರೇಕ್ಷಕರೂ ಅದೇ ಕತ್ತಲಲ್ಲಿ ಕೂತಿರುತ್ತಾರೆ, ಬಾಗಿಲು ಎಲ್ಲಿದೆ ಅಂತ ಅವರಿಗೂ ಕಾಣುವುದಿಲ್ಲ.

ಸಿನಿಮಾದಲ್ಲಿ ಪೂರ್ತಿ ಕತ್ತಲು ಇಟ್ಟರೆ ಪರದೆಯೇ ಖಾಲಿ. ಹಾಗಾಗಿ ಬಣ್ಣ ಇಳಿಸಿ, ಮೇಲಿನಿಂದ ಕೆಳಗೆ ನೋಡುವ ಕೋನ ಹಿಡಿದು ಏನೇನೋ ಮಾಡಿದ್ದಾರೆ. ಮೇಲಿನಿಂದ ನೋಡಿದಾಗ ನಾವು ಆ ಕೋಣೆಯಲ್ಲಿ ಇರುವುದಿಲ್ಲ ಅಲ್ವಾ? ಸುರಕ್ಷಿತವಾಗಿ ಚಾವಣಿಯಲ್ಲಿ ಇರುತ್ತೇವೆ. ಇಡೀ ಸಿನಿಮಾದಲ್ಲಿ ನನಗೆ ತೀರಾ ಒಗ್ಗದ ಜಾಗ ಇದು.

ಅಂದಹಾಗೆ ದೀಪ ಯಾಕೆ ಹೋಯಿತು ಅಂತ ಕೇಳುವವರಿಗೆ: ಮಾರನೇ ಬೆಳಿಗ್ಗೆ ಪೀಟಿ ಹೇಳುತ್ತಾನೆ. ಆ ಕಾಲದ ಬಾಡಿಗೆ ಮನೆಗಳಲ್ಲಿ ಮೀಟರಿಗೆ ನಾಣ್ಯ ಹಾಕಬೇಕಿತ್ತು. ಒಂದು ಶಿಲ್ಲಿಂಗ್ ಹಾಕಿದ, ಬೆಳಕು ಬಂತು. ಅಷ್ಟು ಭಯಕ್ಕೆ ಕಾರಣ ಚಿಲ್ಲರೆ ಕಾಸು.

ಸಿನಿಮಾ ನಟರಲ್ಲಿ ಯಾರು ಮೇಲು?

ಮೆಗೀ. ಪಿಂಟರ್ ತಾನೇ 1964ರಲ್ಲಿ ಲಂಡನ್ನಿನ ಆಲ್ಡ್‌ವಿಚ್ ಥಿಯೇಟರಿನಲ್ಲಿ ಈ ನಾಟಕ ನಿರ್ದೇಶಿಸಿದಾಗಲೂ ಮೆಕ್ಯಾನ್ ಪಾತ್ರ ಅವನದೇ, ಹಾಗಾಗಿ ಆ ಪಾತ್ರ ಮೈಗಂಟಿತ್ತು. ರಾಬರ್ಟ್ ಶಾ ಬಗ್ಗೆ ನನಗೆ ಒಂದು ತಕರಾರು. ಒಳ್ಳೇ ನಟ, ಆದರೆ ಜೇಮ್ಸ್ ಬಾಂಡ್ ಜೊತೆ ರೈಲಿನಲ್ಲಿ ಹೊಡೆದಾಡಿದ ಗಟ್ಟಿ ಆಳು, ಮನಸ್ಸು ಮಾಡಿದರೆ ಇಬ್ಬರನ್ನೂ ಎತ್ತಿ ಎಸೆಯಬಹುದು ಅನ್ನಿಸುತ್ತದೆ. ಕೆಲವರಿಗೆ ಅದೇ ಇಷ್ಟ, ಅಂಥವನೂ ಕುಸಿಯುತ್ತಾನಲ್ಲ ಅಂತ. ಡ್ಯಾಂಡಿ ನಿಕಲ್ಸ್ ಮೆಗ್ ಆಗಿ ತುಂಬಾ ಸಹಜ. ಸಿಡ್ನಿ ಟಾಫ್ಲರ್ ಗೋಲ್ಡ್‌ಬರ್ಗ್, ಮದುವೆ ಮನೆಯಲ್ಲಿ ಎಲ್ಲರನ್ನೂ ಮಾತಾಡಿಸುವ ದೊಡ್ಡಪ್ಪನ ಹಾಗೆ ಇದ್ದಾನೆ, ಅದಕ್ಕೇ ಭಯ.

## ಇನ್ನೂ ಒಳಗೆ ಹೋಗುವವರಿಗೆ

ಪೀಟಿ ಯಾಕೆ ಸುಮ್ನೆ ಬಿಟ್ಟ? ನನಗೆ ಅವನ ಮೇಲೇ ಕೋಪ ಬಂತು.

ಕೋಪ ಬಂದಿದ್ದು ಒಳ್ಳೆಯದು. ಪೀಟಿ ಪೂರ್ತಿ ಸುಮ್ಮನಿರುವುದಿಲ್ಲ. ಅವನನ್ನು ಬಿಡಿ ಅನ್ನುತ್ತಾನೆ. ಆಗ ಗೋಲ್ಡ್‌ಬರ್ಗ್ ನಯವಾಗಿ, ಕಾರಿನಲ್ಲಿ ಜಾಗ ಇದೆ, ನೀವೂ ಬನ್ನಿ ಅನ್ನುತ್ತಾನೆ. ಪೀಟಿ ಅಲ್ಲಿಗೇ ನಿಲ್ಲುತ್ತಾನೆ. ಅವರು ಹೊರಟಾಗ ಹಿಂದಿನಿಂದ ಕೂಗುತ್ತಾನೆ: ಸ್ಟ್ಯಾನ್, ಅವರು ಹೇಳಿದ ಹಾಗೆ ಕೇಳಬೇಡ! ತಾನು ಬದುಕಿಡೀ ಆ ಸಾಲಿನಂತೆಯೇ ಬದುಕಿದೆ ಅಂತ ಪಿಂಟರ್ ಮುಂದೆ ಒಂದು ಸಂದರ್ಶನದಲ್ಲಿ ಹೇಳಿದ. ಹದಿನೆಂಟರಲ್ಲೇ ಸೈನ್ಯಕ್ಕೆ ಸೇರುವುದಿಲ್ಲ ಅಂತ ಕೋರ್ಟು ಕಟ್ಟೆ ಹತ್ತಿ ದಂಡ ಹಾಕಿಸಿಕೊಂಡವನು ಅವನು.

ಆಮೇಲೆ ಮೆಗ್ ಬಂದು ಸ್ಟ್ಯಾನ್ಲಿ ಎದ್ದನಾ ಅಂತ ಕೇಳುತ್ತಾಳೆ. ಇನ್ನೂ ಮಲಗಿದ್ದಾನೆ, ಮಲಗಲಿ ಬಿಡು ಅಂತ ಪೀಟಿ ಸುಳ್ಳು ಹೇಳುತ್ತಾನೆ. ನಿನ್ನೆ ಪಾರ್ಟಿಯಲ್ಲಿ ಎಲ್ಲರ ಕಣ್ಣೂ ನನ್ನ ಮೇಲೇ ಇತ್ತು ಅಂತ ಅವಳು ಹಿಗ್ಗುತ್ತಾಳೆ. ಹೌದು ಅನ್ನುತ್ತಾನೆ.

ನನ್ನ ಮಟ್ಟಿಗೆ ನಾಟಕ ಪೀಟಿಯದು, ಸಿನಿಮಾ ಸ್ಟ್ಯಾನ್ಲಿಯದು. ರಂಗದ ಮೇಲೆ ಮೂರನೇ ಅಂಕದ ಕೊನೆಯಲ್ಲಿ ಪೀಟಿ ಮೂಲೆಯಲ್ಲಿ ನಿಂತೇ ಇರುತ್ತಾನೆ, ನಾವೂ ನಮ್ಮ ಸೀಟಿನಲ್ಲಿ ಕೂತೇ ಇರುತ್ತೇವೆ, ಇಬ್ಬರೂ ಏನೂ ಮಾಡುವುದಿಲ್ಲ. ಸಿನಿಮಾದಲ್ಲಿ ಕಣ್ಣೆಲ್ಲ ಸೂಟು ಹಾಕಿಸಿಕೊಂಡು, ಗಡ್ಡ ಬೋಳಿಸಿಕೊಂಡು, ಮುರಿದ ಕನ್ನಡಕ ಕೈಯಲ್ಲಿ ಹಿಡಿದು ಗಂಟಲಲ್ಲಿ ಸದ್ದು ಮಾಡುವ ಸ್ಟ್ಯಾನ್ಲಿಯ ಮೇಲೆ ಹೋಗುತ್ತದೆ. ಪೀಟಿ ಪಕ್ಕಕ್ಕೆ ಸರಿಯುತ್ತಾನೆ.

ಪಿಂಟರೇ ಚಿತ್ರಕಥೆ ಬರೆದು ಯಾಕೆ ಜಾಸ್ತಿ ಬದಲಾಯಿಸ್ಲಿಲ್ಲ? ಸಿನಿಮಾ ಬರೆಯೋಕೆ ಬರ್ತಿರ್ಲಿಲ್ವಾ?

ಬರುತ್ತಿತ್ತು, ಚೆನ್ನಾಗಿಯೇ. ಅಷ್ಟರಲ್ಲಿ ನಿರ್ದೇಶಕ ಜೋಸೆಫ್ ಲೋಸಿಗೆ ದಿ ಸರ್ವೆಂಟ್ ಮತ್ತು ಆಕ್ಸಿಡೆಂಟ್ ಸಿನಿಮಾಗಳ ಚಿತ್ರಕಥೆ ಬರೆದಾಗಿತ್ತು. ಬೇರೆಯವರ ಕಾದಂಬರಿಯನ್ನು ಧೈರ್ಯವಾಗಿ ಕತ್ತರಿಸುತ್ತಿದ್ದ. ಸ್ವಂತ ನಾಟಕದಲ್ಲಿ ಮಾತು ಎಷ್ಟು ಮುಖ್ಯವೋ ಮಾತಿನ ನಡುವೆ ಸುಮ್ಮನಿರುವುದೂ ಅಷ್ಟೇ ಮುಖ್ಯ, ಒಂದನ್ನು ತೆಗೆದರೆ ಇನ್ನೊಂದು ಬೀಳುತ್ತದೆ. ಫ್ರೀಡ್ಕಿನ್‌ಗೂ ಬದಲಾಯಿಸುವ ಆಸೆ ಇರಲಿಲ್ಲ. ಅವನು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಾಟಕ ನೋಡಿ ಮರುಳಾದವನು, ತಾನು ಮನಸಾರೆ ಮಾಡಬೇಕು ಅಂದುಕೊಂಡ ಸಿನಿಮಾ ಇದು ಅಂತ ಮುಂದೆಯೂ ಹೇಳುತ್ತಿದ್ದ. ದುಡ್ಡು ಮಾತ್ರ ಬರಲಿಲ್ಲ.

ಪಿಂಟರ್ ನಾಟಕಗಳಲ್ಲಿ ಯಾವುದು ಚೆನ್ನಾಗಿ ಸಿನಿಮಾ ಆಗಿದೆ?

ದಿ ಕೇರ್‌ಟೇಕರ್, 1963ರದ್ದು, ನಿರ್ದೇಶಕ ಕ್ಲೈವ್ ಡಾನರ್. ಹ್ಯಾಕ್ನಿಯ ಒಂದು ನಿಜವಾದ ಮನೆಯೊಳಗೆ ಚಳಿಗಾಲದಲ್ಲಿ, ಕಪ್ಪುಬಿಳುಪಿನಲ್ಲಿ ತೆಗೆದದ್ದು. ದುಡ್ಡಿಲ್ಲದೆ ನಿಂತಾಗ ಪೀಟರ್ ಸೆಲರ್ಸ್, ಎಲಿಜಬೆತ್ ಟೇಲರ್, ರಿಚರ್ಡ್ ಬರ್ಟನ್, ನೋಯೆಲ್ ಕವರ್ಡ್ ಮುಂತಾದವರು ಕೈಯಿಂದ ಹಾಕಿದರು. ಅಲ್ಲೂ ರಾಬರ್ಟ್ ಶಾ ಇದ್ದಾನೆ, ಆದರೆ ನಿಧಾನದ, ಮೆತ್ತಗಿನ ಆಸ್ಟನ್ ಆಗಿ, ಅದರಲ್ಲಿ ಅವನ ಮೇಲೆ ನನಗೆ ಯಾವ ತಕರಾರೂ ಇಲ್ಲ. ಆ ಸಿನಿಮಾದಲ್ಲಿ ನಗು ಉಳಿದಿದೆ. 1973ರ ದಿ ಹೋಮ್‌ಕಮಿಂಗ್ ಕೂಡ ನೋಡಿ. ನಾಟಕವನ್ನು ಮೊದಲು ಆಡಿಸಿದ ಪೀಟರ್ ಹಾಲ್‌ನದೇ ನಿರ್ದೇಶನ.

ನಮ್ಮ ತಂಡ ಇದನ್ನ ಕನ್ನಡದಲ್ಲಿ ಆಡಬೇಕು ಅಂತಿದೆ. ಸಿನಿಮಾ ನೋಡಿಕೊಂಡು ತಯಾರಾಗಬಹುದಾ?

ಮೊದಲು ಹಕ್ಕಿನ ಮಾತು. ಪಿಂಟರ್ ತೀರಿಕೊಂಡದ್ದು 2008ರ ಡಿಸೆಂಬರ್ 24. ನಮ್ಮ ಕಾನೂನಿನಲ್ಲಿ ಲೇಖಕ ಸತ್ತ ಮೇಲೆ 60 ವರ್ಷ ಹಕ್ಕು ಇರುತ್ತದೆ, ಅಂದರೆ 2068ರ ಕೊನೆವರೆಗೆ. ಅನುವಾದಕ್ಕೂ, ಪ್ರದರ್ಶನಕ್ಕೂ ಅನುಮತಿ ಬೇಕು.

ಸಿನಿಮಾ ಒಮ್ಮೆ ನೋಡಿ ಮರೆತುಬಿಡಿ. ಅದನ್ನು ನೋಡಿ ಬಂದ ನಟರು ಮೊದಲ ಸಾಲಿನಿಂದಲೇ ಕಣ್ಣು ಕೆಂಪು ಮಾಡಿಕೊಂಡು ಓಡಾಡುತ್ತಾರೆ. ತಾಲೀಮಿನಲ್ಲಿ ಮೊದಲ ಅಂಕವನ್ನು ಒಂದು ಮನೆಯ ತಿಂಡಿ ಹೊತ್ತಿನ ತಮಾಷೆ ಅಂತಲೇ ಕಟ್ಟಿ, ಯಾವ ಅನುಮಾನವೂ ಬೇಡ. ಗೋಲ್ಡ್‌ಬರ್ಗ್ ಪಾತ್ರಕ್ಕೆ ಗಡಸು ದನಿಯವರನ್ನು ಹುಡುಕಬೇಡಿ, ನಿಮ್ಮ ತಂಡದಲ್ಲಿ ಎಲ್ಲರನ್ನೂ ಚೆನ್ನಾಗಿ ನಗಿಸುವವರು ಯಾರೋ ಅವರಿಗೆ ಕೊಡಿ. ಮತ್ತೆ ಕತ್ತಲ ದೃಶ್ಯಕ್ಕೆ ನೀಲಿ ಲೈಟು ಹಾಕಬೇಡಿ ದಯವಿಟ್ಟು. ಪೂರ್ತಿ ಆರಿಸಿ.